ಸೊನ್ನೆ ಕೊಟ್ಟರೆ ಯಾರದೋ ಖಾತೆ

2013ರ ಜನವರಿಯಲ್ಲಿ ರೂಬಿ ಆನ್ ರೈಲ್ಸ್ ಬಳಸುವ ಪ್ರೋಗ್ರಾಮರ್‌ಗಳು ತರಾತುರಿಯಿಂದ ಒಂದು ಲೈಬ್ರರಿಯ ಹೊಸ ಆವೃತ್ತಿ ಹಾಕಿಕೊಳ್ಳಬೇಕಾಯಿತು. ಲೈಬ್ರರಿಯ ಹೆಸರು ಡಿವೈಸ್. ವೆಬ್‌ಸೈಟಿಗೆ ಲಾಗಿನ್, ಪಾಸ್‌ವರ್ಡ್, ಮರೆತರೆ ಮತ್ತೆ ಪಡೆಯುವ ದಾರಿ, ಎಲ್ಲವನ್ನೂ ಅದು ಸಿದ್ಧವಾಗಿ ಕೊಡುತ್ತದೆ. ಪಾಸ್‌ವರ್ಡ್ ಮರೆತಾಗ ನಮ್ಮ ಇಮೇಲ್‌ಗೆ ಒಂದು ಲಿಂಕ್ ಬರುತ್ತದಲ್ಲ, ಅದರ ತುದಿಯಲ್ಲಿ ಅಕ್ಷರವೂ ಅಂಕಿಯೂ ಬೆರೆತ ಉದ್ದನೆಯ ಟೋಕನ್ ಇರುತ್ತದೆ. ಅದು ಯಾರ ಕೈಯಲ್ಲಿದೆಯೋ ಅವರೇ ಆ ಖಾತೆಯ ಒಡೆಯರು ಎಂದು ವೆಬ್‌ಸೈಟ್ ನಂಬುತ್ತದೆ. ಊಹಿಸಿ ಹೇಳಲು ಯಾರಿಗೂ ಆಗದಷ್ಟು ಉದ್ದ ಅದಕ್ಕಿರುತ್ತದೆ.

ಆದರೆ ಊಹಿಸುವ ಕಷ್ಟವೇ ಬೇಕಿರಲಿಲ್ಲ. ಟೋಕನ್ ಇರಬೇಕಾದ ಜಾಗದಲ್ಲಿ ಸೊನ್ನೆ ಕಳಿಸಿದರೆ ಸಾಕಿತ್ತು. ಪಾಸ್‌ವರ್ಡ್ ಮರೆತು ಲಿಂಕ್‌ಗೆ ಕಾಯುತ್ತಿರುವ ಯಾರದಾದರೂ ಖಾತೆ ಸಿಕ್ಕಿಬಿಡುತ್ತಿತ್ತು. ಆ ಯಾರೋ ಒಬ್ಬರು ಸೈಟಿನ ಆಡಳಿತಗಾರರೂ ಆಗಿರಬಹುದು. ಭದ್ರತಾ ದೋಷಗಳ ಸಾರ್ವಜನಿಕ ಪಟ್ಟಿಯಲ್ಲಿ ಇದಕ್ಕೆ ಸಿವಿಇ-2013-0233 ಎಂಬ ಸಂಖ್ಯೆ ಸಿಕ್ಕಿತು. ಡೇಟಾಬೇಸ್‌ಗಳ ಜೊತೆ ಕೆಲಸ ಮಾಡುವ ಪ್ರತಿಯೊಬ್ಬರೂ ಈ ಪ್ರಕರಣವನ್ನು ಒಮ್ಮೆ ಪೂರ್ತಿ ಬಿಚ್ಚಿ ನೋಡಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಏಕೆಂದರೆ ಇಲ್ಲಿ ಕಳ್ಳ ಬೀಗ ಮುರಿಯಲಿಲ್ಲ, ಕ್ವೆರಿಯೊಳಗೆ ಕಳ್ಳ ಆಜ್ಞೆಯನ್ನೂ ತುರುಕಲಿಲ್ಲ. ಕೊಟ್ಟ ಬೆಲೆಯ ಟೈಪ್ ಬದಲಿಸಿದ, ಅಷ್ಟೇ.

ಹೇಗೆಂದು ಹತ್ತಿರದಿಂದ ನೋಡೋಣ. ಸಾಮಾನ್ಯ ವೆಬ್ ಫಾರಂ ಕಳಿಸುವುದೆಲ್ಲ ಪಠ್ಯ. ಅದರಲ್ಲಿ ನೀವು 0 ಎಂದು ಬರೆದರೂ ಸರ್ವರ್‌ಗೆ ತಲುಪುವುದು '0' ಎಂಬ ಒಂದಕ್ಷರದ ಪಠ್ಯವೇ. ಆದರೆ ಜೇಸನ್ ರೂಪದಲ್ಲಿ ಮಾಹಿತಿ ಕಳಿಸಿದರೆ ಟೈಪ್ ಕೂಡ ಜೊತೆಯಲ್ಲಿ ಪ್ರಯಾಣ ಮಾಡುತ್ತದೆ. ಆ 0 ಉದ್ಧರಣ ಚಿಹ್ನೆಯೊಳಗಿದ್ದರೆ ಪಠ್ಯ, ಇಲ್ಲದಿದ್ದರೆ ಸಂಖ್ಯೆ. ರೈಲ್ಸ್ ಬಂದದ್ದನ್ನು ಬಂದ ಹಾಗೇ ಒಳಗೆ ಬಿಡುತ್ತಿತ್ತು. ಹಾಗಾಗಿ ಡೇಟಾಬೇಸ್‌ಗೆ ಹೋದ ಪ್ರಶ್ನೆ ಹೀಗಿತ್ತು: ಯಾವ ಬಳಕೆದಾರರ ಟೋಕನ್ 0ಗೆ ಸಮವೋ ಅವರಲ್ಲಿ ಮೊದಲು ಸಿಕ್ಕವರನ್ನು ಕೊಡು. ಟೋಕನ್ ಕಾಲಂ ಪಠ್ಯದ್ದು, ಕೇಳಿದ್ದು ಸಂಖ್ಯೆ. ಎರಡು ಬೇರೆ ಜಾತಿಯ ಬೆಲೆಗಳನ್ನು ಹೋಲಿಸುವಾಗ ಮೈಎಸ್‌ಕ್ಯುಎಲ್ ಡೇಟಾಬೇಸ್ ಎರಡನ್ನೂ ಫ್ಲೋಟಿಂಗ್ ಪಾಯಿಂಟ್ ಸಂಖ್ಯೆಯಾಗಿ ಪರಿವರ್ತಿಸಿಕೊಳ್ಳುತ್ತದೆ. ಪಠ್ಯದ ಆರಂಭದಲ್ಲಿ ಅಂಕಿಗಳಿದ್ದರೆ ಅಷ್ಟನ್ನು ತೆಗೆದುಕೊಂಡು ಉಳಿದದ್ದನ್ನು ಬಿಟ್ಟುಬಿಡುತ್ತದೆ. ಆರಂಭದಲ್ಲಿ ಅಂಕಿಯೇ ಇಲ್ಲದಿದ್ದರೆ ಸೊನ್ನೆ ಎಂದು ಭಾವಿಸುತ್ತದೆ. ಟೋಕನ್ ಅಕ್ಷರದಿಂದ ಶುರುವಾಗಿದ್ದರೆ ಅದರ ಬೆಲೆ ಸೊನ್ನೆ. ಸೊನ್ನೆಗೆ ಸೊನ್ನೆ ಸಮ. ಖಾತೆ ತೆರೆಯಿತು. ಟೋಕನ್ 4ರಿಂದ ಶುರುವಾಗಿ ಅದರ ಮುಂದೆ ಅಕ್ಷರವಿದ್ದರೆ ಸೊನ್ನೆಯ ಬದಲು 4 ಎಂದು ಕಳಿಸಿ ನೋಡಿದರಾಯಿತು.

ಮೈಎಸ್‌ಕ್ಯುಎಲ್ ತೆರೆದು 'ಮೈಸೂರು' = 0 ಸರಿಯೇ ಎಂದು ಕೇಳಿ ನೋಡಿ. 1 ಎಂಬ ಉತ್ತರ ಬರುತ್ತದೆ, ಅಂದರೆ ಹೌದು. '45/2' = 45 ಕೂಡ ಹೌದು. ಪಹಣಿಯ ಸರ್ವೆ ನಂಬರನ್ನು ಹಿಸ್ಸಾ ಸಮೇತ ಒಂದೇ ಪಠ್ಯದ ಕಾಲಂನಲ್ಲಿ ಇಟ್ಟು, 45 ಎಂಬ ಸಂಖ್ಯೆಯನ್ನು ಕೊಟ್ಟು ಹುಡುಕಿದರೆ 45/1, 45/2, 45/3 ಎಲ್ಲವೂ ಎದ್ದು ಬರುತ್ತವೆ. ಭೂಮಿ ತಂತ್ರಾಂಶ ಪಹಣಿ ಹುಡುಕುವಾಗ ಸರ್ವೆ ನಂಬರ್, ಸರ್‌ನೋಕ್, ಹಿಸ್ಸಾ ಎಂದು ಮೂರನ್ನೂ ಬೇರೆ ಬೇರೆಯಾಗಿ ಕೇಳುವುದು ರೈತರಿಗೆ ಕಿರಿಕಿರಿ ಎನಿಸಬಹುದು, ಆದರೆ ಆ ಬೇರ್ಪಡಿಕೆ ಒಳ್ಳೆಯದೇ. ಎಕ್ಸೆಲ್‌ನಲ್ಲಿ 3/2 ಎಂದು ಬರೆದು ನೋಡಿದವರಿಗೆ ಅದು ತಾರೀಖಾಗಿ ಬದಲಾಗುವುದು ಗೊತ್ತೇ ಇದೆ.

ಇಂಗ್ಲಿಷಿನ 'ಇ' ಅಕ್ಷರದ್ದು ಇನ್ನೊಂದು ಕಾಟ. ಅಂಕಿ, ಇ, ಅಂಕಿ ಎಂಬ ಕ್ರಮ ಕಂಡರೆ ಡೇಟಾಬೇಸ್ ಅದನ್ನು ಹತ್ತರ ಘಾತ ಎಂದು ಓದುತ್ತದೆ. '1ಇ3' ಎಂಬ ಸರಕಿನ ಕೋಡ್ ಸಾವಿರಕ್ಕೆ ಸಮವಾಗುತ್ತದೆ. ಇಷ್ಟೆಲ್ಲ ಆಗುವಾಗ ದೋಷ ಎಂದು ಯಾರೂ ಕೂಗುವುದಿಲ್ಲ. ಹುಡುಕಾಟದ ಕ್ವೆರಿಗೆ ಹೆಚ್ಚೆಂದರೆ ಒಂದು ಎಚ್ಚರಿಕೆ ದಾಖಲಾಗುತ್ತದೆ, ಅದನ್ನು ಓದುವವರು ಕಡಿಮೆ. 2015ರಲ್ಲಿ ಬಂದ ಮೈಎಸ್‌ಕ್ಯುಎಲ್‌ನ 5.7ನೇ ಆವೃತ್ತಿಯಿಂದ ಕಟ್ಟುನಿಟ್ಟಿನ ಮೋಡ್ ತಾನಾಗಿಯೇ ಚಾಲ್ತಿಯಲ್ಲಿರುತ್ತದೆ. ಇದರಿಂದ ಅಳಿಸುವ, ಬದಲಿಸುವ ಕ್ವೆರಿಗಳು ಇಂಥ ಹೋಲಿಕೆಗೆ ಸಿಕ್ಕಿದರೆ ದೋಷ ತೋರಿಸಿ ನಿಲ್ಲುತ್ತವೆ. ಅದು ದೊಡ್ಡ ಸಮಾಧಾನ. ಓದುವ ಕ್ವೆರಿಗಳು ಮಾತ್ರ ಮೊದಲಿನಂತೆಯೇ ನಡೆಯುತ್ತವೆ.

ಡಿವೈಸ್ ಪ್ರಕರಣದಲ್ಲಿ ಎರಡು ಡೇಟಾಬೇಸ್‌ಗಳ ಬಳಕೆದಾರರಿಗೆ ಏನೂ ಆಗಲಿಲ್ಲ. ಒಂದು ಎಸ್‌ಕ್ಯುಲೈಟ್, ಇನ್ನೊಂದು ಪೋಸ್ಟ್‌ಗ್ರೆಸ್. ಪೋಸ್ಟ್‌ಗ್ರೆಸ್ ಬಚಾವಾದ ಕಥೆ ಐದು ವರ್ಷ ಹಿಂದಕ್ಕೆ ಹೋಗುತ್ತದೆ. 2008ರ ಫೆಬ್ರುವರಿಯಲ್ಲಿ ಬಿಡುಗಡೆಯಾದ ಅದರ 8.3ನೇ ಆವೃತ್ತಿ, ಸಂಖ್ಯೆಯನ್ನು ತಾನಾಗಿಯೇ ಪಠ್ಯವಾಗಿ ಬದಲಿಸುವ ಹಳೆಯ ಅಭ್ಯಾಸವನ್ನು ಕೈಬಿಟ್ಟಿತು. ಪಠ್ಯದ ಕಾಲಂ ಎದುರು ಸಂಖ್ಯೆ ತಂದಿಟ್ಟರೆ, ಈ ಎರಡನ್ನು ಹೋಲಿಸುವ ವಿಧಾನ ನನ್ನಲ್ಲಿಲ್ಲ, ಬೇಕಾದರೆ ನೀವೇ ಟೈಪ್ ಬದಲಿಸಿ ಕೊಡಿ ಎಂಬ ಅರ್ಥದ ದೋಷ ತೋರಿಸಿ ಕೈಚೆಲ್ಲುತ್ತದೆ. ಅದುವರೆಗೆ ಚೆನ್ನಾಗಿ ಓಡುತ್ತಿದ್ದ ಎಷ್ಟೋ ಅಪ್ಲಿಕೇಶನ್‌ಗಳು ಆವೃತ್ತಿ ಬದಲಿಸಿದ ಕೂಡಲೇ ನಿಂತುಹೋದವು, ಬೈಗುಳವೂ ಬಂತು. ಬಳಕೆದಾರರಿಗೆ ಅನುಕೂಲವಾಗಿದ್ದುದನ್ನು ಕಿತ್ತುಕೊಂಡರು ಎಂಬ ದೂರಿನಲ್ಲಿ ಸತ್ಯವಿಲ್ಲದೆ ಇಲ್ಲ. ಆದರೂ ನಾನು ಆ ತೀರ್ಮಾನದ ಪರ. ಕೇಳಿದ್ದು ಅರ್ಥವಾಗದಾಗ ಅರ್ಥವಾಗಲಿಲ್ಲ ಎನ್ನುವ ಡೇಟಾಬೇಸ್ ಒಂದು ದಿನದ ಕೆಲಸ ಕೆಡಿಸಬಹುದು. ತನಗೆ ತೋಚಿದಂತೆ ಅರ್ಥ ಮಾಡಿಕೊಂಡು ಬೇರೆಯವರ ದಾಖಲೆ ತಂದುಕೊಡುವ ಡೇಟಾಬೇಸ್ ಒಬ್ಬ ಮನುಷ್ಯನ ಖಾತೆಯನ್ನೇ ಕಳೆಯುತ್ತದೆ.

ತಪ್ಪು ದಾಖಲೆ ಸಿಗುವುದು ಒಂದು ತೊಂದರೆಯಾದರೆ, ಸರಿಯಾದ ದಾಖಲೆಯೇ ತಡವಾಗಿ ಸಿಗುವುದು ಮತ್ತೊಂದು. ನಿತ್ಯದ ಕೆಲಸದಲ್ಲಿ ಹೆಚ್ಚು ಕಾಣಸಿಗುವುದು ಇದೇ. ಇಂಡೆಕ್ಸ್ ಎಂದರೆ ಡೇಟಾಬೇಸ್ ಇಟ್ಟುಕೊಂಡ ನಿಘಂಟು. ಪದಗಳು ಅಕಾರಾದಿಯಲ್ಲಿರುವುದರಿಂದ ಮಧ್ಯಕ್ಕೆ ತೆರೆದು, ಮುಂದೋ ಹಿಂದೋ ನೋಡಿ, ನಾಲ್ಕೈದು ಹಾಳೆ ತಿರುಗಿಸುವಷ್ಟರಲ್ಲಿ ಬೇಕಾದ ಪದಕ್ಕೆ ತಲುಪುತ್ತೇವೆ. ಪಠ್ಯದ ಕಾಲಂ ಮೇಲಿನ ಇಂಡೆಕ್ಸ್ ಅಕ್ಷರಗಳ ಕ್ರಮದಲ್ಲಿರುತ್ತದೆ. ಅಲ್ಲಿ '10' ಎಂಬುದು '9'ಕ್ಕಿಂತ ಮೊದಲು ಬರುತ್ತದೆ. ಈಗ 1 ಎಂಬ ಸಂಖ್ಯೆ ಕೊಟ್ಟು ಹುಡುಕಲು ಹೇಳಿದರೆ ಮೈಎಸ್‌ಕ್ಯುಎಲ್ ಎಲ್ಲಿ ನೋಡಬೇಕು? '1' ಸಮ, '01' ಸಮ, ಮುಂದೆ ಖಾಲಿ ಜಾಗವಿರುವ ' 1' ಸಮ, '1ಎ' ಕೂಡ ಸಮ. ಇವು ಇಂಡೆಕ್ಸ್‌ನ ಬೇರೆ ಬೇರೆ ಮೂಲೆಗಳಲ್ಲಿವೆ. ಹಾಗಾಗಿ ಅದು ಇಂಡೆಕ್ಸ್ ಪಕ್ಕಕ್ಕಿಟ್ಟು ಪ್ರತಿ ದಾಖಲೆಯನ್ನೂ ತೆಗೆದು, ಸಂಖ್ಯೆಯಾಗಿಸಿ, ಹೋಲಿಸುತ್ತ ಕೂರುತ್ತದೆ. ಪರೀಕ್ಷೆಗೆಂದು ಇಟ್ಟ ನೂರಿನ್ನೂರು ದಾಖಲೆಗಳಲ್ಲಿ ವ್ಯತ್ಯಾಸವೇ ತಿಳಿಯುವುದಿಲ್ಲ. ಕೋಟಿ ದಾಖಲೆಗಳಿರುವ ಟೇಬಲ್ ಎದುರು ಅದೇ ಕ್ವೆರಿ ಸರ್ವರನ್ನು ಉಸಿರುಗಟ್ಟಿಸುತ್ತದೆ. ಎದುರು ದಿಕ್ಕಿನಲ್ಲಿ, ಅಂದರೆ ಸಂಖ್ಯೆಯ ಕಾಲಂಗೆ ಪಠ್ಯ ಕೊಟ್ಟರೆ ಈ ಕಷ್ಟವಿಲ್ಲ. ಕೊಟ್ಟ ಒಂದು ಪಠ್ಯವನ್ನು ಒಮ್ಮೆ ಸಂಖ್ಯೆಯಾಗಿಸಿಕೊಂಡರೆ ಇಂಡೆಕ್ಸ್ ಎಂದಿನಂತೆ ಕೆಲಸಕ್ಕೆ ಬರುತ್ತದೆ. ಬದಲಾಗುವುದು ಕೊಟ್ಟ ಪ್ಯಾರಾಮೀಟರೋ ಇಡೀ ಕಾಲಮೋ ಎಂಬುದರ ಮೇಲೆಯೇ ಎಲ್ಲವೂ ನಿಂತಿದೆ.

ಕಟ್ಟುನಿಟ್ಟಿನ ಪೋಸ್ಟ್‌ಗ್ರೆಸ್ ಕೂಡ ಇದರಿಂದ ಹೊರತಲ್ಲ. ಐಡಿ ಕಾಲಂ ಬಿಗ್‌ಇಂಟ್ ಆಗಿದ್ದು, ಜಾವಾ ಕಡೆಯಿಂದ ಬಿಗ್‌ಡೆಸಿಮಲ್ ಕಳಿಸಿದರೆ, ಎರಡೂ ಸಂಖ್ಯೆಗಳೇ ಆದ್ದರಿಂದ ದೋಷ ಬರುವುದಿಲ್ಲ. ಆದರೆ ಕಾಲಂನ ಪ್ರತಿ ಬೆಲೆಯನ್ನೂ ನ್ಯೂಮೆರಿಕ್ ಆಗಿಸಿ ಹೋಲಿಸಬೇಕಾಗುವುದರಿಂದ ಇಂಡೆಕ್ಸ್ ಕೈಬಿಟ್ಟುಹೋಗುತ್ತದೆ. ಒರಾಕಲ್‌ನದು ಮತ್ತೂ ವಿಚಿತ್ರ ನಡತೆ. ಪಠ್ಯದ ಕಾಲಂ ಎದುರು ಸಂಖ್ಯೆ ಇಟ್ಟರೆ ಅದು ಕಾಲಂ ಅನ್ನೇ ಸಂಖ್ಯೆಯಾಗಿಸಲು ಹೊರಡುತ್ತದೆ. ದಾರಿಯಲ್ಲಿ ಅಕ್ಷರವಿರುವ ಒಂದೇ ಒಂದು ದಾಖಲೆ ಎದುರಾದರೂ ಓಆರ್‌ಎ-01722, ಅಮಾನ್ಯ ಸಂಖ್ಯೆ ಎಂದು ನಿಲ್ಲುತ್ತದೆ. ವರ್ಷಗಟ್ಟಲೆ ಸರಿಯಾಗಿದ್ದ ಕ್ವೆರಿ, ನಿನ್ನೆ ಸಂಜೆ ಯಾರೋ ಸೇರಿಸಿದ, ನಮಗೆ ಸಂಬಂಧವೇ ಇಲ್ಲದ ದಾಖಲೆಯಿಂದಾಗಿ ಇವತ್ತು ಬೆಳಿಗ್ಗೆ ಬೀಳಬಹುದು.

ಇನ್ನು ಉದ್ದದ ಸಂಖ್ಯೆಗಳ ಮಾತು. ಜಾವಾಸ್ಕ್ರಿಪ್ಟ್‌ನ ಸಾಮಾನ್ಯ ಸಂಖ್ಯೆಗಳೆಲ್ಲ 64 ಬಿಟ್‌ನ ಫ್ಲೋಟಿಂಗ್ ಪಾಯಿಂಟ್ ರೂಪದವು. ಪೂರ್ಣಾಂಕಗಳನ್ನು ಅವು 9007199254740991ರವರೆಗೆ ಮಾತ್ರ ಚಾಚೂ ತಪ್ಪದೆ ಹಿಡಿದಿಡುತ್ತವೆ. ಅದರಾಚೆ ಹತ್ತಿರದ ಬೆಲೆಗೆ ಜರುಗಿಸುತ್ತವೆ. 2010ರಲ್ಲಿ ಟ್ವಿಟರ್ ತನ್ನ ಟ್ವೀಟ್‌ಗಳಿಗೆ ಸ್ನೋಫ್ಲೇಕ್ ಎಂಬ 64 ಬಿಟ್‌ನ ಹೊಸ ಗುರುತು ಕೊಡಲು ಹೊರಟಾಗ ಇದೇ ಗೋಡೆಗೆ ಹಣೆ ತಾಗಿತು. ಬ್ರೌಸರ್ ಓದಿದ ಐಡಿಯ ಕೊನೆಯ ಅಂಕಿಗಳು ಬದಲಾದರೆ, ಒತ್ತಿದ್ದು ಒಂದು ಟ್ವೀಟ್ ಮೇಲೆ, ತೆರೆಯುವುದು ಮತ್ತೊಂದು, ಅಥವಾ ಇಲ್ಲದ್ದು. ಅದಕ್ಕೆಂದೇ ಪ್ರತಿ ಟ್ವೀಟ್‌ಗೆ ಐಡಿಯನ್ನು ಸಂಖ್ಯೆಯಾಗಿಯೂ, ಪಕ್ಕದಲ್ಲೇ ಪಠ್ಯವಾಗಿಯೂ, ಎರಡು ಸಲ ಕಳಿಸುವ ಏರ್ಪಾಡು ಮಾಡಿದರು.

ನಮ್ಮ ಅಡುಗೆಮನೆಯ ಗ್ಯಾಸ್ ಸಂಪರ್ಕಕ್ಕಿರುವ ಎಲ್‌ಪಿಜಿ ಐಡಿ 17 ಅಂಕಿಯದು. ಆ ಉದ್ದದ ಸಂಖ್ಯೆ ಜಾವಾಸ್ಕ್ರಿಪ್ಟ್ ಕೈಯಲ್ಲಿ ಏನಾಗುತ್ತದೆ ನೋಡಿ. 50000000000000001, 50000000000000002, 50000000000000003 ಈ ಮೂರನ್ನೂ ಸಂಖ್ಯೆಯಾಗಿ ಕೊಟ್ಟರೆ ಮೂರೂ 50000000000000000 ಆಗಿಬಿಡುತ್ತವೆ. ಆ ಎತ್ತರದಲ್ಲಿ ಎಂಟೆಂಟರ ಅಂತರಕ್ಕೆ ಒಂದು ಸಂಖ್ಯೆಗೆ ಮಾತ್ರ ಜಾಗ. ಎಕ್ಸೆಲ್ 15 ಅಂಕಿಗಳಾಚೆ ಇರುವುದನ್ನೆಲ್ಲ ಸೊನ್ನೆ ಮಾಡುತ್ತದೆ, ಹಾಗಾಗಿ 16 ಅಂಕಿಯ ಡೆಬಿಟ್ ಕಾರ್ಡ್ ಸಂಖ್ಯೆಯ ಕೊನೆಯಂಕಿ ಅಲ್ಲಿ ಉಳಿಯುವುದಿಲ್ಲ. ಮೈಎಸ್‌ಕ್ಯುಎಲ್ ಕೂಡ ಪಠ್ಯ ಮತ್ತು ಸಂಖ್ಯೆಯನ್ನು ಹೋಲಿಸುವಾಗ ಇದೇ ಫ್ಲೋಟಿಂಗ್ ಪಾಯಿಂಟ್ ರೂಪವನ್ನು ಬಳಸುವುದರಿಂದ, ಉದ್ದನೆಯ ಐಡಿಗಳಲ್ಲಿ ಅಕ್ಕಪಕ್ಕದ ಎರಡು ದಾಖಲೆಗಳು ಒಂದೇ ಎನಿಸಬಹುದು.

ಸಂಖ್ಯೆ ಚಿಕ್ಕ ಡಬ್ಬಿಗೆ ಹಿಡಿಸದಿದ್ದಾಗಲೂ ಹೀಗೇ. ಮೊಬೈಲ್ ನಂಬರ್ ಇಡಲು ಹೊಸಬರು ಇಂಟ್ ಕಾಲಂ ಮಾಡುತ್ತಾರೆ. ಅದರ ಮಿತಿ 2147483647. ನಮ್ಮ ದೇಶದ ಮೊಬೈಲ್ ನಂಬರ್‌ಗಳು ಶುರುವಾಗುವುದೇ 6, 7, 8, 9ರಿಂದ, ಹಾಗಾಗಿ ಒಂದೂ ಅದರಲ್ಲಿ ಹಿಡಿಸುವುದಿಲ್ಲ. ಕಟ್ಟುನಿಟ್ಟಿನ ಮೋಡ್ ಇಲ್ಲದ ಮೈಎಸ್‌ಕ್ಯುಎಲ್‌ನಲ್ಲಿ ಎಲ್ಲರ ನಂಬರೂ 2147483647 ಎಂದೇ ಕೂರುತ್ತದೆ. ಈ ಸಂಖ್ಯೆ ಎಲ್ಲಿಯಾದರೂ ಕಂಡರೆ ಅನುಭವಸ್ಥರಿಗೆ ಏನಾಗಿದೆ ಎಂದು ತಕ್ಷಣ ಹೊಳೆಯುತ್ತದೆ.

ಎಸ್‌ಕ್ಯುಲೈಟ್ ಬಗ್ಗೆ ಬೇರೆಯಾಗಿಯೇ ಹೇಳಬೇಕು, ನಮ್ಮ ಜೇಬಿನ ಫೋನ್‌ಗಳಲ್ಲಿರುವುದು ಅದೇ ತಾನೆ. ಆಂಡ್ರಾಯ್ಡ್‌ನಲ್ಲಿ ಕ್ವೆರಿಗೆ ಕೊಡುವ ಪ್ಯಾರಾಮೀಟರ್‌ಗಳ ಪಟ್ಟಿ ಪಠ್ಯಗಳದ್ದೇ ಆಗಿರಬೇಕು, ಒಳಗೆ ಅವು ಪಠ್ಯವಾಗಿಯೇ ಜೋಡಣೆಯಾಗುತ್ತವೆ. ಕಾಲಂ ಇಂಟಿಜರ್ ಎಂದು ಘೋಷಿಸಿದ್ದರೆ ಚಿಂತೆಯಿಲ್ಲ, ಎಸ್‌ಕ್ಯುಲೈಟ್ '5' ಅನ್ನು 5 ಎಂದು ಮಾಡಿಕೊಂಡು ಹೋಲಿಸುತ್ತದೆ. ಆದರೆ ಕಾಲಂ ಬದಲು ಲೆಕ್ಕ ಹಾಕಿ ಬಂದ ಬೆಲೆ ಇದ್ದರೆ, ಉದಾಹರಣೆಗೆ ಐದಕ್ಕಿಂತ ಹೆಚ್ಚು ಸಲ ಖರೀದಿಸಿದ ಗ್ರಾಹಕರನ್ನು ಕೊಡು ಎಂದು ಎಣಿಕೆಯನ್ನು ಪ್ಯಾರಾಮೀಟರ್ ಜೊತೆ ಹೋಲಿಸಿದರೆ, ಯಾರೂ ಸಿಗುವುದಿಲ್ಲ. ಎಸ್‌ಕ್ಯುಲೈಟ್ ನಿಯಮದಲ್ಲಿ ಯಾವ ಸಂಖ್ಯೆಯೂ ಯಾವ ಪಠ್ಯಕ್ಕಿಂತಲೂ ಚಿಕ್ಕದೇ. ಸಾವಿರ ಸಲ ಖರೀದಿಸಿದ್ದರೂ 1000 ಎಂಬ ಸಂಖ್ಯೆ '5' ಎಂಬ ಪಠ್ಯಕ್ಕಿಂತ ಚಿಕ್ಕದು. ಡಿವೈಸ್ ಪ್ರಕರಣದಲ್ಲಿ ಎಸ್‌ಕ್ಯುಲೈಟ್ ಬಳಸುವವರನ್ನು ಕಾಪಾಡಿದ್ದು ಇನ್ನೊಂದು ನಿಯಮ: ಪಠ್ಯದ ಕಾಲಂ ಎದುರು 0 ಎಂಬ ಸಂಖ್ಯೆ ಬಂದರೆ ಅದನ್ನೇ '0' ಎಂಬ ಪಠ್ಯವಾಗಿಸಿ ಹೋಲಿಸುವುದರಿಂದ ಅದು ಟೋಕನ್‌ಗೆ ಸಮವಾಗುವುದಿಲ್ಲ.

ಮೊಂಗೋಡಿಬಿಯಲ್ಲಿ ದಾಖಲೆಯ ಗುರುತು 12 ಬೈಟ್‌ನ ಆಬ್ಜೆಕ್ಟ್‌ಐಡಿ. ಪರದೆಯ ಮೇಲೆ 24 ಅಕ್ಷರಗಳ ಸರವಾಗಿ ಕಾಣುವ ಅದನ್ನೇ ನಕಲು ಮಾಡಿ ಪಠ್ಯವಾಗಿ ಕೊಟ್ಟು ಹುಡುಕಿದರೆ ಏನೂ ಬರುವುದಿಲ್ಲ. ಕಣ್ಣಿಗೆ ಎರಡೂ ಒಂದೇ, ಡೇಟಾಬೇಸ್‌ಗೆ ಎರಡು ಬೇರೆ ಬೆಲೆಗಳು.

ಇಷ್ಟು ನೋಡಿದ ಮೇಲೆ ನಾನು ಹೇಳುವುದು ಇದು: ಕೂಡಿಸಲು, ಕಳೆಯಲು, ಸರಾಸರಿ ತೆಗೆಯಲು ಎಂದೂ ಬೇಡವಾದ ಸಂಖ್ಯೆ ಹೆಸರಿದ್ದಂತೆ, ಅದನ್ನು ಪಠ್ಯವಾಗಿಯೇ ಇಡಿ. ಮೊಬೈಲ್ ನಂಬರ್, ಬ್ಯಾಂಕ್ ಖಾತೆ, ಪಿನ್‌ಕೋಡ್, ಎಲ್ಲ ಈ ಜಾತಿಯವೇ. ನಮ್ಮ ಪಿನ್‌ಕೋಡ್‌ಗಳಲ್ಲಿ ಮೊದಲ ಅಂಕಿ ಸೊನ್ನೆ ಅಲ್ಲ, ಕರ್ನಾಟಕದವು 56ರಿಂದ 59ರೊಳಗೆ ಶುರುವಾಗುತ್ತವೆ, ಹಾಗಾಗಿ ಸಂಖ್ಯೆಯಾಗಿ ಇಟ್ಟವರೂ ಇಲ್ಲಿ ಪಾರಾಗುತ್ತಾರೆ. ಅದೇ ತಂತ್ರಾಂಶ ಅಮೆರಿಕದ ಮ್ಯಾಸಚೂಸೆಟ್ಸ್‌ಗೆ ಹೋದರೆ, ಅಲ್ಲಿನ ಕೇಂಬ್ರಿಜ್‌ನ 02139 ಎಂಬ ಕೋಡ್ 2139 ಆಗಿ ನಾಲ್ಕಂಕಿಗೆ ಇಳಿಯುತ್ತದೆ. ಆಧಾರ್ ಸಂಖ್ಯೆ 0 ಅಥವಾ 1ರಿಂದ ಶುರುವಾಗುವುದಿಲ್ಲ, ಉದ್ದವೂ 12 ಅಂಕಿ. ಎಕ್ಸೆಲ್‌ಗೆ ಕೊಟ್ಟರೂ ಜಾವಾಸ್ಕ್ರಿಪ್ಟ್‌ಗೆ ಕೊಟ್ಟರೂ ಅದು ಹಾಳಾಗದು. ಆದರೂ ಬೇರೊಬ್ಬರ ವಿನ್ಯಾಸದ ಪುಣ್ಯದಿಂದ ನಮ್ಮ ಕೋಡ್ ಉಳಿಯುವುದನ್ನು ನೆಚ್ಚಿಕೊಳ್ಳಬಾರದು. ಹೊರಗಿನಿಂದ ಬಂದ ಬೆಲೆಯನ್ನು ಒಳಗೆ ಬರುವಾಗಲೇ ಕಾಲಂನ ಟೈಪ್‌ಗೆ ತಂದು, ಹೊಂದದಿದ್ದರೆ ಅಲ್ಲೇ ತಿರಸ್ಕರಿಸಬೇಕು. ಡಿವೈಸ್ ಮಾಡಿದ ಪರಿಹಾರವೂ ಇದೇ: ಹುಡುಕಾಟಕ್ಕೆ ಮೊದಲೇ ಬಂದ ಬೆಲೆಗಳನ್ನು ಪಠ್ಯವಾಗಿಸುವುದು. 0 ಬಂದರೆ ಅದು '0' ಆಗುತ್ತದೆ, '0' ಎಂಬ ಟೋಕನ್ ಯಾರಿಗೂ ಇರುವುದಿಲ್ಲ. ಪ್ರಿಪೇರ್ಡ್ ಸ್ಟೇಟ್‌ಮೆಂಟ್ ಬಳಸಿದ್ದೇವೆ, ಇನ್ನೇನು ಭಯ ಎನ್ನುವವರಿದ್ದಾರೆ. ಕ್ವೆರಿಯೊಳಗೆ ಬೇರೆ ಆಜ್ಞೆ ನುಸುಳದಂತೆ ಅದು ತಡೆಯುತ್ತದೆ ನಿಜ. ಕೊಟ್ಟ ಟೈಪ್ ತಪ್ಪಾಗಿದ್ದರೆ ಅದೇ ತಪ್ಪನ್ನು ಬಲು ಭದ್ರವಾಗಿ ತಲುಪಿಸುತ್ತದೆ.

ಕನ್ನಡದಲ್ಲಿ ಮಾಹಿತಿ ಇಡುವವರಿಗೆ ಇದರಲ್ಲಿ ಇನ್ನೆರಡು ಸಂಗತಿಗಳಿವೆ. ಮೈಕ್ರೋಸಾಫ್ಟ್‌ನ ಎಸ್‌ಕ್ಯುಎಲ್ ಸರ್ವರ್‌ನಲ್ಲಿ ಪಠ್ಯಕ್ಕೆ ಮುಖ್ಯವಾಗಿ ಎರಡು ಟೈಪ್: ವಾರ್‌ಕ್ಯಾರ್, ಎನ್‌ವಾರ್‌ಕ್ಯಾರ್. ಯೂನಿಕೋಡ್ ಇರುವುದು ಎರಡನೆಯದರಲ್ಲಿ. 2019ರ ಆವೃತ್ತಿಯಲ್ಲಿ ಯುಟಿಎಫ್-8 ಕೊಲೇಶನ್ ಬರುವವರೆಗೆ ಕನ್ನಡಕ್ಕೆ ಎನ್‌ವಾರ್‌ಕ್ಯಾರ್ ಬಿಟ್ಟು ಬೇರೆ ದಾರಿಯೇ ಇರಲಿಲ್ಲ. ಆ ಕೊಲೇಶನ್ ಇಲ್ಲದ ಕಡೆ, ಕ್ವೆರಿಯಲ್ಲಿ ಪಠ್ಯದ ಮುಂದೆ ‘ಎನ್’ ಎಂಬ ಒಂದು ಅಕ್ಷರ ಸೇರಿಸದಿದ್ದರೆ ಅದು ವಾರ್‌ಕ್ಯಾರ್ ಎಂದಾಗುತ್ತದೆ, ಕನ್ನಡದ ಪ್ರತಿ ಸಂಕೇತವೂ ಪ್ರಶ್ನಾರ್ಥಕ ಚಿಹ್ನೆಯಾಗುತ್ತದೆ. 'ಉಡುಪಿ' ಎಂದು ಹುಡುಕಿದರೆ ಡೇಟಾಬೇಸ್ ಹುಡುಕುವುದು '?????' ಎಂಬುದನ್ನು. ಕಾಲಮೂ ವಾರ್‌ಕ್ಯಾರ್ ಆಗಿದ್ದರೆ ಕಥೆ ಇನ್ನೂ ಕೆಟ್ಟದ್ದು. ಉಡುಪಿಯಲ್ಲೂ ಬೀದರ್‌ನಲ್ಲೂ ಇರುವುದು ಐದೈದು ಯೂನಿಕೋಡ್ ಸಂಕೇತಗಳು, ಎರಡೂ '?????' ಆಗಿ ಕೂತು ಎರಡು ಜಿಲ್ಲೆಗಳು ಒಂದೇ ಆಗುತ್ತವೆ. ಇಂಗ್ಲಿಷ್ ಹೆಸರುಗಳಿಂದ ಮಾತ್ರ ಪರೀಕ್ಷೆ ಮಾಡಿ ಮುಗಿಸಿದವರ ಕಣ್ಣಿಗೆ ಇದು ಬೀಳುವುದೇ ಇಲ್ಲ. ಎದುರು ಬದಿಯ ತೊಂದರೆಯೂ ಇದೆ. ಎಸ್‌ಕ್ಯುಎಲ್ ಸರ್ವರ್‌ನ ಜಾವಾ ಡ್ರೈವರ್ ತಾನಾಗಿಯೇ ಎಲ್ಲ ಪಠ್ಯವನ್ನೂ ಯೂನಿಕೋಡ್ ಆಗಿ ಕಳಿಸುತ್ತದೆ, ಕಾಲಂ ವಾರ್‌ಕ್ಯಾರ್ ಆಗಿದ್ದರೆ ಕೆಲವು ಕೊಲೇಶನ್‌ಗಳಲ್ಲಿ ಇಂಡೆಕ್ಸ್ ಇದ್ದೂ ಪ್ರಯೋಜನಕ್ಕೆ ಬರುವುದಿಲ್ಲ.

ಎರಡನೆಯದು ಕನ್ನಡ ಅಂಕಿಗಳು. ಯೂನಿಕೋಡ್‌ನಲ್ಲಿ ೦ಯಿಂದ ೯ರವರೆಗೆ ಹತ್ತಕ್ಕೂ ಸ್ವಂತ ಸ್ಥಾನಗಳಿವೆ, ಅವು ಅಂಕಿಗಳೇ ಎಂಬ ಮುದ್ರೆಯೂ ಇದೆ. ಪೈಥಾನ್ ಇದನ್ನು ಗೌರವಿಸುತ್ತದೆ, '೧೨' ಕೊಟ್ಟು ಪೂರ್ಣಾಂಕ ಮಾಡು ಎಂದರೆ 12 ಎನ್ನುತ್ತದೆ. ಜಾವಾದ್ದೂ ಅದೇ ನಡತೆ. ಜಾವಾಸ್ಕ್ರಿಪ್ಟ್ ಅದನ್ನು ಸಂಖ್ಯೆಯೆಂದು ಒಪ್ಪುವುದಿಲ್ಲ, ಪೋಸ್ಟ್‌ಗ್ರೆಸ್ ದೋಷ ತೋರಿಸುತ್ತದೆ, ಮೈಎಸ್‌ಕ್ಯುಎಲ್ ಸದ್ದಿಲ್ಲದೆ ಸೊನ್ನೆ ಎಂದುಕೊಳ್ಳುತ್ತದೆ. ಈಗ ಪೈಥಾನ್‌ನಲ್ಲಿ ಬರೆದ ಒಂದು ಅರ್ಜಿ ವ್ಯವಸ್ಥೆಯನ್ನು ಊಹಿಸಿಕೊಳ್ಳಿ. ಬಂದದ್ದು ಬರೀ ಅಂಕಿಗಳೇ ಎಂದು ಪರೀಕ್ಷಿಸುತ್ತದೆ, '೧೨' ತೇರ್ಗಡೆಯಾಗುತ್ತದೆ. ಆದರೆ ಪೂರ್ಣಾಂಕವಾಗಿಸದೆ, ಪಠ್ಯವನ್ನೇ ಮೈಎಸ್‌ಕ್ಯುಎಲ್‌ನ ಐಡಿ ಕಾಲಂ ಎದುರು ಕೊಡುತ್ತದೆ. ಡೇಟಾಬೇಸ್ 0 ಎಂಬ ಐಡಿಯನ್ನು ಹುಡುಕಿ ಇಲ್ಲ ಎನ್ನುತ್ತದೆ, ಕನ್ನಡದಲ್ಲಿ ಬರೆದವರಿಗೆ ದಾಖಲೆಯೇ ಇಲ್ಲ ಎಂಬ ಉತ್ತರ ಸಿಗುತ್ತದೆ. ಕೀಬೋರ್ಡ್ ಬದಲಿಸುವ ಗಡಿಬಿಡಿಯಲ್ಲಿ '1೨' ಎಂದು ಬೆರೆತು ಹೋದರೆ ಪೈಥಾನ್‌ಗೆ ಅದೂ 12, ಮೈಎಸ್‌ಕ್ಯುಎಲ್‌ಗೆ ಮಾತ್ರ 1. ಆಗ ಪರದೆಯ ಮೇಲೆ ಬರುವುದು ಒಂದನೇ ನಂಬರಿನವರ ದಾಖಲೆ.

ಕನ್ನಡ ಅಂಕಿಗಳನ್ನು ಬೇಡವೆನ್ನುವುದು ಇದಕ್ಕೆ ಮದ್ದಲ್ಲ. ಬಸ್ಸಿನ ಮೇಲೂ ಕ್ಯಾಲೆಂಡರಿನಲ್ಲೂ ಓದುವ ಅಂಕಿಯನ್ನು ಫಾರಂನಲ್ಲಿ ಬರೆಯುವ ಹಕ್ಕು ಕನ್ನಡಿಗರಿಗಿದೆ. ಪೈಥಾನ್‌ನಲ್ಲಾದರೆ ಪರೀಕ್ಷೆಗೆ ನಿಲ್ಲದೆ ಆ ಪಠ್ಯವನ್ನು ಪೂರ್ಣಾಂಕವಾಗಿಸಿ, ಆ ಪೂರ್ಣಾಂಕವನ್ನೇ ಕ್ವೆರಿಗೆ ಕೊಟ್ಟರೆ ಆಯಿತು. ಐಡಿ ಕಾಲಂ ಪಠ್ಯದ್ದಾಗಿದ್ದರೆ, ಇಡುವಾಗಲೂ ಹುಡುಕುವಾಗಲೂ ಹತ್ತು ಕನ್ನಡ ಅಂಕಿಗಳನ್ನು 0ಯಿಂದ 9ರವರೆಗಿನ ಅಂಕಿಗಳಿಗೆ ಬದಲಿಸುವ ಒಂದೇ ಫಂಕ್ಷನ್ ಹಾದು ಬರಬೇಕು. ನಾಲ್ಕು ಸಾಲಿನ ಕೋಡ್ ಅದು, ಸರ್ಕಾರಿ ಪೋರ್ಟಲ್‌ನಿಂದ ಅಂಗಡಿಯ ಬಿಲ್ಲಿಂಗ್ ಆ್ಯಪ್‌ವರೆಗೆ ಕನ್ನಡದಲ್ಲಿ ಅಂಕಿ ಬರೆಯಬಹುದಾದ ಎಲ್ಲ ಕಡೆಯೂ ಇರಬೇಕು.